ಮುದ್ದೆಯ ಒಳಗಿನ ಬಿಸಿ

ನಮ್ಮಕ್ಕ ಸಾಕಿದ್ದ ನಾಯಿ ಕರುವಿನಷ್ಟು ಎತ್ತರವಿತ್ತು. ಅದನ್ನು ಟೊಮೇಟೊ ತೋಟಕ್ಕೆ ಕರೆದೊಯ್ಯುವಾಗ ಎದುರಾದವರು ನಗುತ್ತಿದ್ದರು.

"ಏನಮ್ಮಾ, ನಾಯಿನ ನೀನ್ ಹಿಡ್ಕಂಡಿದ್ದೀಯೋ, ನಾಯಿನೇ ನಿನ್ನ ಹಿಡ್ಕಂಡೈತೋ?"

"ಒಬ್ರನ್ನೊಬ್ರು ಹಿಡ್ಕಂಡಿದ್ದೀವಿ ಬುಡಣ್ಣ," ಎನ್ನುತ್ತಿದ್ದಳು.

ಮನೆಯಲ್ಲಿ ಮೊದಲ ಮುದ್ದೆ ಅದರದ್ದೇ. ಅಕ್ಕ ಅದನ್ನು ಮುರಿದು, ಒಳಗೆಲ್ಲ ಬೆರಳಾಡಿಸಿ, ಆರಿದ ಮೇಲೆಯೇ ಇಡುತ್ತಿದ್ದಳು.

ಒಂದು ದಿನ ಆ ಕೆಲಸ ನನಗೊಪ್ಪಿಸಿ ಕೆಲಮಂಗಲದ ಸಂತೆಗೆ ಹೋದಳು. ಕಂಪನಿ ಬಸ್ಸಿನ ಅವಸರದಲ್ಲಿದ್ದ ನಾನು ಮೇಲೆ ಮುಟ್ಟಿ ನೋಡಿ ಇಡೀ ಮುದ್ದೆ ಹಾಕಿಬಿಟ್ಟೆ. ನಮ್ಮಂತೆಯೇ ಅದೂ ಅಗಿಯದೆ ನುಂಗಿತು. ಒಳಗೆ ಕೆಂಡದಂತಿತ್ತು. ನಾಯಿ ಕಿರುಚುತ್ತ ಹಿತ್ತಲಿಗೆ ಓಡಿತು. ಅದಕ್ಕೆ ನೀರನ್ನೂ ಇಡದೆ ನಾನು ಬಸ್ಸಿಗೆ ಓಡಿದೆ.

ಸಂಜೆ ಬಂದಾಗ ಅಕ್ಕ ಅಂಗೈಯಲ್ಲಿ ಮಜ್ಜಿಗೆ ನೆಕ್ಕಿಸುತ್ತಿದ್ದಳು. ಬೈಯಲಿಲ್ಲ.

"ನೀನು ಇಕ್ಕಿದ್ದು ಅಂತ ನಂಬಿ ನುಂಗ್ಬುಡ್ತು ಕಣ್ಲಾ," ಎಂದಳು, ಅಷ್ಟೇ.

ನಾಯಿಯ ಗಂಟಲು ವಾಸಿಯಾದ ಮೇಲೆ ತಟ್ಟೆಯನ್ನು ನನ್ನ ಕೈಗೇ ಕೊಟ್ಟಳು. ನಾನಿಟ್ಟದ್ದನ್ನು ನಾಯಿ ಮೂಸಿಯೂ ನೋಡಲಿಲ್ಲ. ಅಕ್ಕನ ಮುಖ ನೋಡುತ್ತ ನಿಂತಿತು. ಅಕ್ಕ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಆ ತಟ್ಟೆಯಿಂದಲೇ ಒಂದು ತುತ್ತು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು. ಆಮೇಲೆ ಅದು ತಿಂದಿತು.