ಬಂದ್ ಇದ್ದ ಮೈಕಿನ ಮುಂದೆ ಸ್ಯಾಕ್ಸೊಫೋನ್

2023ರಲ್ಲಿ ಈ ಘಟನೆ ನಡೆದಾಗ ನಾನು ಪೊಲೀಸ್ ಬ್ಯಾಂಡಿನಿಂದ ನಿವೃತ್ತನಾಗಿ, ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ ಕ್ಲಾರಿನೆಟ್, ಸ್ಯಾಕ್ಸೊಫೋನ್, ಫ್ಲೂಟ್ ಕಲಿಸುತ್ತಿದ್ದೆ. ಇವುಗಳಿಗೆ ವುಡ್‌ವಿಂಡ್, ಮರದ ಊದುವಾದ್ಯಗಳು, ಎನ್ನುತ್ತಾರೆ. ಸ್ಯಾಕ್ಸೊಫೋನಿನ ಮೈ ಹಿತ್ತಾಳೆಯದಾದರೂ ಅದರ ಸ್ವರ ಹುಟ್ಟುವುದು ಬಾಯಿಗಿಡುವ ಮೌತ್‌ಪೀಸಿಗೆ ಕಟ್ಟಿದ ಜೊಂಡಿನ ತೆಳುಪಟ್ಟಿಯಿಂದ, ಅಂದರೆ ರೀಡಿನಿಂದ. ಹಾಗಾಗಿ ಅದೂ ಈ ಗುಂಪಿಗೇ ಸೇರಿದ್ದು.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಹುಬ್ಬಳ್ಳಿಯಿಂದ ಪ್ರಮೋದ ಎಂಬ ಈವೆಂಟ್ ಮ್ಯಾನೇಜರ್ ನನ್ನನ್ನು ಹುಡುಕಿಕೊಂಡು ಬಂದ. ಬಾದಾಮಿಯ ಹೊಸ ರೆಸಾರ್ಟೊಂದರಲ್ಲಿ ಟ್ರಾವೆಲ್ ಏಜೆಂಟರಿಗೂ ವಿದೇಶಿ ಅತಿಥಿಗಳಿಗೂ ಸಂಜೆಯ ಔತಣವಿತ್ತು. ಐವತ್ತು ವರ್ಷ ಹಳೆಯ ಇಂಗ್ಲಿಷ್ ರಾಕ್ ಹಾಡುಗಳ ಕಾರ್ಯಕ್ರಮ. ಹಾಡುವವನು, ಗಿಟಾರು ಮತ್ತು ಡ್ರಮ್ಮಿನ ಹುಡುಗರು ಅವನ ಬಳಿ ಇದ್ದರು. ಊದುವವರು ಇರಲಿಲ್ಲ.

"ಗೋವಾದಿಂದ ಕರಸಬಹುದಿತ್ರಿ ಸರ್. ಆದ್ರ ಇದ ಜಿಲ್ಲಾದವ್ರ ಸ್ಟೇಜ್ ಮ್ಯಾಲ ನಿಂತು ಬಾರಿಸಿದ್ರ ಅದರ ಖದರ ಬ್ಯಾರೆ," ಎಂದ. ಆ ಮಾತಿಗೆ ನಾನು ಒಪ್ಪಿಕೊಂಡೆ.

ಅವನು ಮೊಬೈಲಿಗೆ ಕಳಿಸಿದ ಹಾಡುಗಳನ್ನು ಮೊದಲ ಸಲ ಕೇಳಿದಾಗ ಮುಖ ಕಿವಿಚಿದೆ. ಬ್ಯಾಂಡಿನಲ್ಲಿ ನಮಗೆ ಕಲಿಸಿದ್ದು ತೊಳೆದಿಟ್ಟ ಬಟ್ಟಲಿನಂಥ ಸ್ವರ. ಇಲ್ಲಿ ಸ್ಯಾಕ್ಸೊಫೋನ್ ಬೆಳಗ್ಗೆ ಬಚ್ಚಲಿನಲ್ಲಿ ಕಫ ಕ್ಯಾಕರಿಸುವವನ ಗಂಟಲಿನಂತೆ ಕೇಳುತ್ತಿತ್ತು. ಫ್ಲೂಟಿನವನು ಊದುತ್ತಿದ್ದಾನೋ ಉಗುಳುತ್ತಿದ್ದಾನೋ ತಿಳಿಯುತ್ತಿರಲಿಲ್ಲ. "ಉಣ್ಣೂ ಹೊತ್ತಿನ್ಯಾಗ ಇದನ್ನ ಹಚ್ಚಬ್ಯಾಡ್ರಿ," ಎಂದಳು ನನ್ನ ಹೆಂಡತಿ.

ಎಲ್ಲವನ್ನೂ ಒಬ್ಬನೇ ನುಡಿಸುವುದು ಸಾಧ್ಯವಿರಲಿಲ್ಲ. ಫ್ಲೂಟಿನ ಹಾಡನ್ನು ನಾನಿಟ್ಟುಕೊಂಡು, ಸ್ಯಾಕ್ಸೊಫೋನಿಗೆ ಇಳಕಲ್ಲಿನ ಮದುವೆ ಬ್ಯಾಂಡಿನ ಮಹಾಂತೇಶನನ್ನು ಕರೆಸಿದೆ. ನಲವತ್ತರ ಹತ್ತಿರದ ಆಳು. ಹಿಂದೊಮ್ಮೆ ಹುನಗುಂದದ ಮೆರವಣಿಗೆಯಲ್ಲಿ ಅವನ ಉಸಿರಿನ ತಾಕತ್ತು ನೋಡಿದ್ದೆ. ಅವನು ಪೆಟ್ಟಿಗೆ ತೆರೆದು ಮೌತ್‌ಪೀಸ್ ನನ್ನ ಕೈಗಿತ್ತಾಗ ಹೊಟ್ಟೆ ತೊಳಸಿ ಬಂತು. ಗುಟ್ಕಾದ ರಸ ಕುಡಿದು ರೀಡು ಕಂದುಗಟ್ಟಿತ್ತು. ಒಳಗೋಡೆಗೆ ಅಡಿಕೆಯ ಚೂರು ಅಂಟಿ ಬೂಸಲು ಹಿಡಿದಿತ್ತು.

"ಇದನ್ನ ಬಾಯಾಗ ಹೆಂಗ ಇಟ್ಕೋತಿಲೇ?"

"ರೂಢಿ ಆಗೇತ್ರಿ ಸರ್."

"ಗುಟ್ಕಾ ಬಿಟ್ರ ಕಲಸ್ತೇನಿ. ಇಲ್ಲಂದ್ರ ಈಗಿಂದೀಗ ಬಸ್ ಹತ್ತು."

ಅವನು ಕೆಳಗಿಳಿದು ಹೋದ. ಹೋದನೆಂದೇ ತಿಳಿದೆ. ನಳದ ಹತ್ತಿರ ಬಾಯಿ ಮುಕ್ಕಳಿಸಿ, ಮೌತ್‌ಪೀಸನ್ನು ಪಾತ್ರೆ ತಿಕ್ಕುವ ಪುಡಿ ಹಾಕಿ ತೊಳೆದುಕೊಂಡು ಮೇಲೆ ಬಂದ.

ಕಲಿಕೆ ಸುಲಭದ್ದಾಗಿರಲಿಲ್ಲ. ಗಿಟಾರಿನವರಿಗೆ ಎ ಶ್ರುತಿ ಹಗುರ. ಮಹಾಂತೇಶನದು ಆಲ್ಟೊ ಸ್ಯಾಕ್ಸೊಫೋನ್. ಅವರ ಎ, ಆ ವಾದ್ಯದಲ್ಲಿ ಎಫ್ ಶಾರ್ಪ್ ಆಗುತ್ತದೆ. ಏಳರಲ್ಲಿ ಆರು ಸ್ವರಗಳನ್ನು ಅರ್ಧ ಮೆಟ್ಟಿಲು ಏರಿಸಿ ಹಿಡಿಯಬೇಕು. ಮದುವೆ ಹಾಡುಗಳಿಗೆ ಪಳಗಿದ ಬೆರಳುಗಳು ಅಲ್ಲಿ ಎಡವುತ್ತಿದ್ದವು. ಹಾಡನ್ನು ಮೊಬೈಲಿನಲ್ಲಿ ಅರ್ಧ ವೇಗಕ್ಕೆ ಇಳಿಸಿ, ಒಂದೊಂದೇ ತುಣುಕು ಕೇಳಿ, ಬಾಯಲ್ಲಿ ಹಾಡಿ, ಆಮೇಲೆ ಊದುತ್ತಿದ್ದೆವು.

ಆ ಕ್ಯಾಕರಿಕೆಯ ನಾದಕ್ಕೆ ಗ್ರೌಲ್ ಎನ್ನುತ್ತಾರೆ. ಗಂಟಲಲ್ಲಿ ಒಂದು ಸ್ವರ ಗುನುಗುತ್ತ ವಾದ್ಯದಲ್ಲಿ ಇನ್ನೊಂದನ್ನು ಊದಬೇಕು. ಎರಡೂ ಒಂದಕ್ಕೊಂದು ತಿಕ್ಕಾಡಿದಾಗ ಆ ಒರಟು ದನಿ ಬರುತ್ತದೆ. ಮಹಾಂತೇಶ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದ. ಗುಟ್ಕಾ ಬಿಟ್ಟ ಬಾಯಿ ಹುಣ್ಣಾಗಿತ್ತು, ರೀಡಿನ ಮೇಲೆ ರಕ್ತದ ಕಲೆ ಕಾಣುತ್ತಿತ್ತು. ನನಗೆ ನೋಡಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಆ ದನಿ ಸಿಕ್ಕಿತು. ಅಳು ನುಂಗಿಕೊಂಡು ಮಾತಾಡುವ ಗಂಡಸಿನ ದನಿಯಂತಿತ್ತು. ನಾನು ಫ್ಲೂಟ್ ಕೆಳಗಿಟ್ಟು ಕೇಳುತ್ತ ಕುಳಿತೆ.

ಒಂದು ಹಾಡಿನ ಕೊನೆಯಲ್ಲಿ ಮೂಲ ವಾದಕ ಬಹಳ ಎತ್ತರದ ಸ್ವರಕ್ಕೆ ಏರುತ್ತಾನೆ. ಮಹಾಂತೇಶನಿಗೆ ಅದು ಕೀರಲಾಗಿ ಬರುತ್ತಿತ್ತು. "ಅಂವ ಏರ್ಲಿ, ನಾ ಇಳೀತೇನ್ರಿ ಸರ್," ಎಂದು ಅವನೇ ಒಂದು ಇಳಿಕೆ ಕಟ್ಟಿದ. ಹಾಡು ಮನೆಗೆ ಬಂದು ಚಪ್ಪಲಿ ಬಿಟ್ಟಂತೆ ಇತ್ತು ಅದು.

ಅವನ ಹೆಂಡತಿ ಶಾಂತವ್ವ ಮನೆಯಲ್ಲಿ ಸೀರೆ ನೇಯುತ್ತಿದ್ದಳು. ಒಮ್ಮೆ ಫೋನ್ ಮಾಡಿ, "ಇವ್ರು ಮನ್ಯಾಗ ಊದೂದಕ್ಕ ಓಣಿ ಮಂದಿ ಬೈಯಾಕತ್ತಾರ್ರಿ ಸರ್. ಬೈಲಿ ಬಿಡ್ರಿ. ಮನ್ಯಾಗಿನ ಉಗುಳು ಡಬ್ಬಿ ಹೋತಲ್ಲ, ಅಷ್ಟ ಸಾಕು," ಎಂದಳು. ಕಾರ್ಯಕ್ರಮ ನೋಡಲು ತಾನೂ ಬರುತ್ತೇನೆಂದಳು.

ಆ ದಿನ ನನ್ನ ಕಾರಿನಲ್ಲೇ ಮೂವರೂ ಬಾದಾಮಿಗೆ ಹೋದೆವು. ಪ್ರಮೋದ ನಮಗಿಬ್ಬರಿಗೂ ಮಿಣಿಮಿಣಿ ಮಿಂಚುವ ಕೋಟು ಕೊಟ್ಟ. ಯಾರ್ಯಾರದೋ ಬೆವರು ಕುಡಿದು ಕಾಲರು ಸೆಟೆದಿತ್ತು. ಮೂಗು ಬಿಗಿಹಿಡಿದು ತೊಟ್ಟುಕೊಂಡೆ. ಕಾರ್ಯಕ್ರಮಕ್ಕೆ ಮೊದಲು ಎಲ್ಲ ಮೈಕುಗಳನ್ನೂ ಪರೀಕ್ಷಿಸುವುದು ಕ್ರಮ. ಹಾಡುವವನದನ್ನು ಮಾತ್ರ ನೋಡಿದರು. ನಾನು ಕೇಳಿದ್ದಕ್ಕೆ ಪ್ರಮೋದ, "ನಿಮ್ದು ಸೆಟ್ ಆಗೇತ್ರಿ, ಚಿಂತಿ ಬ್ಯಾಡ್ರಿ," ಎಂದ.

ಹೊತ್ತು ಮುಳುಗುವ ಸಮಯಕ್ಕೆ ಹುಲ್ಲುಹಾಸಿನ ಮೇಲೆ ಕಾರ್ಯಕ್ರಮ ಶುರುವಾಯಿತು. ನಾನು ವೇದಿಕೆಯ ಮೇಲೆ ನನ್ನ ಸರದಿಗೆ ಕಾಯುತ್ತ ಕುಳಿತಿದ್ದೆ. ಮಹಾಂತೇಶ ಎದ್ದು ನಿಂತು ಊದಿದ. ಸ್ಪೀಕರುಗಳು ಗುಡ್ಡಕ್ಕೆ ಕೇಳುವಷ್ಟು ಅಬ್ಬರಿಸುತ್ತಿದ್ದವು. ಆ ಗದ್ದಲದಲ್ಲಿ ಅವನಿಗಾಗಲಿ ನನಗಾಗಲಿ ಅವನ ದನಿ ಬೇರೆಯಾಗಿ ಕೇಳಲು ಸಾಧ್ಯವಿರಲಿಲ್ಲ. ಹಾಡು ಕೊನೆಗೆ ಬಂತು. ಮಹಾಂತೇಶನ ಬೆರಳುಗಳು ಇಳಿದವು. ಸ್ಪೀಕರಿನ ಸ್ಯಾಕ್ಸೊಫೋನ್ ಮೇಲೇರಿತು.

ಅವನು ನನ್ನ ಕಡೆ ನೋಡಿದ. ಆ ಮುಖವನ್ನು ನಾನು ಮರೆತಿಲ್ಲ.

ಮುಂದಿನ ಹಾಡು ತಕ್ಷಣ ಶುರುವಾಯಿತು. ಅವನು ಊದುತ್ತಲೇ ಅಡುಗೆಯವರು ನಿಂತಿದ್ದ ಕಡೆ ಕಣ್ಣು ಹಾಯಿಸಿದ. ಅಲ್ಲಿ ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಾವ ದೇಶದ ಯಾವನೋ ಎಂದೋ ಊದಿದ್ದನ್ನು ತನ್ನ ಗಂಡನದೆಂದು ತಿಳಿದು ಅಳುತ್ತಿದ್ದಳು. ಮಹಾಂತೇಶ ಸ್ಯಾಕ್ಸೊಫೋನನ್ನು ಬಾಯಿಂದ ತೆಗೆದು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಸ್ಪೀಕರಿನಲ್ಲಿ ಅದು ನುಡಿಯುತ್ತಲೇ ಇತ್ತು. ಅತಿಥಿಗಳು ಇದನ್ನೊಂದು ಮೋಜೆಂದುಕೊಂಡು ನಕ್ಕು ಚಪ್ಪಾಳೆ ತಟ್ಟಿದರು. ಅವನು ವೇದಿಕೆ ಇಳಿದ, ಹಿಂದೆಯೇ ನಾನೂ ಇಳಿದೆ.

ವೇದಿಕೆಯ ಹಿಂದೆ ಎಂಜಲು ತಟ್ಟೆಗಳ ರಾಶಿಯ ಪಕ್ಕದಲ್ಲಿ ಪ್ರಮೋದ ನಮ್ಮನ್ನು ತಡೆದ.

"ಇದೇನ್ ಮಾಡಿದ್ರಿ ಸರ್? ಎಲ್ಲಾ ಕಡೆ ಹಿಂಗ ನಡೀತೈತ್ರಿ. ಹಾಡಾಂವ ಒಬ್ಬಾಂವ ಖರೆ, ಉಳಿದಿದ್ದೆಲ್ಲಾ ರೆಕಾರ್ಡ್ ಮಾಡಿದ ಟ್ರ್ಯಾಕ್, ನಿಮ್ಮ ಮೈಕ್ ಬಂದ್. ಒಂದು ಸ್ವರ ತಪ್ಪಿದ್ರ ನನ್ನ ಮರ್ಯಾದಿ ಏನಾಗಬೇಕು?"

"ಹಂಗಾರ ನಮಗ ಯಾಕ ಕಲೀರಿ ಅಂದಿ?"

"ವಾದ್ಯದ ಮ್ಯಾಲ ಬಟ್ಟು ಸರಿಯಾಗಿ ಆಡಬೇಕಲ್ರಿ. ವಿಡಿಯೋದಾಗ ಕಾಣ್ತೈತಿ."

ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. ಮೊದಲ ದಿನ ಆ ಮೌತ್‌ಪೀಸ್ ಕೈಗೆ ಬಂದಾಗ ಆಗಿದ್ದ ಹೇಸಿಗೆಯೇ ಮತ್ತೆ ಆಯಿತು. ಆಗಿನ ಕೊಳೆಯನ್ನಾದರೂ ತೊಳೆಯಲು ಬರುತ್ತಿತ್ತು. ಕೋಟು ಬಿಚ್ಚಿ ಎಂಜಲು ತಟ್ಟೆಗಳ ಮೇಲೆ ಹಾಕಿದೆ. ನನ್ನ ಹಾಡು ಬಾಕಿ ಇತ್ತು, ನಾನು ಹತ್ತಲಿಲ್ಲ. ಕಾರಿನ ಹತ್ತಿರ ಹೋಗುವಷ್ಟರಲ್ಲಿ ಫ್ಲೂಟಿನ ಆ ಹಾಡು ಹಿಂದಿನಿಂದ ಕೇಳಿಬಂತು. ನನ್ನ ಖುರ್ಚಿ ಖಾಲಿ ಇದ್ದದ್ದು ಯಾರಿಗೂ ಅಡ್ಡಿಯಾದಂತೆ ಕಾಣಲಿಲ್ಲ.

ಅವರಿಬ್ಬರನ್ನೂ ಇಳಕಲ್ಲಿಗೆ ಬಿಡಲು ಹೊರಟೆ. ದಾರಿಯಲ್ಲಿ ನಡೆದದ್ದನ್ನು ಮಹಾಂತೇಶ ಹೆಂಡತಿಗೆ ಎರಡೇ ಮಾತಿನಲ್ಲಿ ಹೇಳಿದ. ಕಮತಗಿಯಲ್ಲಿ ಚಹಾಕ್ಕೆ ನಿಂತಾಗ ಅವನು ಪಕ್ಕದ ಪಾನ್ ಅಂಗಡಿಯಿಂದ ಗುಟ್ಕಾ ಚೀಟು ತಂದ. ಹಲ್ಲಿನಿಂದ ಹರಿಯಲು ಹೊರಟಾಗ ಶಾಂತವ್ವ ಹೇಳಿದಳು:

"ತಿನ್ನೂದಿದ್ರ ತಿನ್ರಿ, ನಾ ಬ್ಯಾಡ ಅನ್ನಂಗಿಲ್ಲ. ಮೊದಲ ಒಮ್ಮೆ ಊದ್ರಿ. ನಾ ಅತ್ತಿದ್ದು ಯಾರ ಸಲುವಾಗಿ ಅಂತ ನನಗರೆ ಗೊತ್ತಾಗ್ಲಿ."

"ಇಲ್ಲೇನ? ಮಂದಿ ನೋಡ್ತಾರ."

"ಅಲ್ಲಿ ಮಂದಿ ನೋಡಲಿಲ್ಲೇನ?"

ಅವನು ಕಾರಿನ ಡಿಕ್ಕಿ ತೆರೆದು ವಾದ್ಯ ಜೋಡಿಸಿದ. ರಸ್ತೆ ಬದಿಯಲ್ಲಿ ನಿಂತು ಊದಿದ. ನಾಯಿಗಳು ಬೊಗಳಿದವು. ಗ್ರೌಲ್ ನಡುವೆ ಒಮ್ಮೆ ಹರಿದುಹೋಯಿತು, ಮತ್ತೆ ಹಿಡಿದುಕೊಂಡ. ಕೊನೆಗೆ ತಾನು ಕಟ್ಟಿದ ಇಳಿಕೆಯಲ್ಲೇ ಇಳಿದ. "ಅದರಾಗ ಏನೋ ಕೆಟ್ಟೈತಿ ನೋಡ್ರಿ," ಎಂದ ಚಹಾದವನು. ಶಾಂತವ್ವ ನಕ್ಕಳು. ಆಮೇಲೆ ಅತ್ತಳು. ಮಹಾಂತೇಶ ಚೀಟನ್ನು ಜೇಬಿಗೆ ಹಾಕಿಕೊಂಡ. ಮನೆಗೆ ಹೋಗಿ ತಿಂದನೋ ಇಲ್ಲವೋ ನಾನು ಕೇಳಲಿಲ್ಲ. ಈಗ ಅವನ ಮೌತ್‌ಪೀಸ್ ಸ್ವಚ್ಛವಾಗಿರುತ್ತದೆ. ಆಗೀಗ ಜಾರುತ್ತಾನೆ, ನನ್ನ ಮುಂದೆ ಬರುವ ಮೊದಲು ತೊಳೆದಿರುತ್ತಾನೆ.

ಕೆಲವು ದಿನಗಳ ನಂತರ ಪ್ರಮೋದ ವಿಡಿಯೋ ಕಳಿಸಿದ. ಮಹಾಂತೇಶ ವಾದ್ಯ ಎತ್ತಿ ಹಿಡಿದ ಭಾಗವನ್ನು ಕತ್ತರಿಸಿದ್ದರು. ಉಳಿದದ್ದರಲ್ಲಿ ಬೆರಳುಗಳು ಸರಿಯಾಗಿಯೇ ಆಡುತ್ತಿದ್ದವು. ಜೊತೆಗೆ ಇನ್ನೊಂದು ಕಾರ್ಯಕ್ರಮಕ್ಕೆ ಕರೆಯೂ ಇತ್ತು. ಮಹಾಂತೇಶನಿಗೆ ತಿಳಿಸಿದೆ. "ಆ ಕೋಟನ್ನ ಕೋಲಿಗೆ ನೇತು ಹಾಕು ಅನ್ರಿ ಸರ್. ಅದು ಸ್ವರ ತಪ್ಪಂಗಿಲ್ಲ," ಎಂದ. ಅದೇ ಮಾತನ್ನು ಹಾಗೆಯೇ ಪ್ರಮೋದನಿಗೆ ಕಳಿಸಿದೆ.

ಬ್ಯಾಂಡಿನ ನೌಕರಿಯಲ್ಲಿ ಹಿರಿಯರು ನಮಗೆ ಸಿಟ್ಟು ಹಿಡಿತದಲ್ಲಿರಲಿ ಎಂದು ಹೇಳುತ್ತಿದ್ದರು, ಅದು ಸರಿಯೇ. ಹೇಸಿಗೆಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಅದನ್ನು ಹಿಡಿತದಲ್ಲಿಡಬಾರದು ಎಂದು ಆ ಸಂಜೆ ಕಲಿತೆ. ಎಲ್ಲ ಕಡೆ ಹೀಗೇ ನಡೆಯುತ್ತದೆ ಎಂದು ಪ್ರಮೋದ ಹೇಳಿದ್ದು ಸುಳ್ಳಲ್ಲ. ಅವನಿಗೂ ಮೊದಲ ಸಲ ಹೊಟ್ಟೆ ತೊಳಸಿರಬೇಕು, ಆಮೇಲೆ ರೂಢಿಯಾಗಿರಬೇಕು. ಊದುವವನಿಗೆ ಉಸಿರು ಕಡಿಮೆಯಾದರೆ ಸಾಧನೆಯಿಂದ ತುಂಬಿಕೊಳ್ಳಬಹುದು. ಹೇಸುವುದು ನಿಂತುಹೋದರೆ ಯಾವ ಗುರುವೂ ಅದನ್ನು ಮತ್ತೆ ಕಲಿಸಲಾರ.