ನಾಜಿಮಾ ಅಕ್ಕ ಹಾಕದ ಆರು ಹೊಲಿಗೆ

ರಾಮದುರ್ಗದಲ್ಲಿ ಜಂಪರ್ ಹೊಲಿಸಿಕೊಂಡವರಿಗೆಲ್ಲ ನಾಜಿಮಾ ಅಕ್ಕ ಗೊತ್ತು. ಭಾನುವಾರ ಮಧ್ಯಾಹ್ನ ಅವರ ಅಂಗಡಿಯೊಳಗೆ, ಬಟ್ಟೆ ಕತ್ತರಿಸುವ ಟೇಬಲ್ಲಿನ ಮೇಲೆ ಒಂದು ರಾಜ್ಯ ನಡೆಯುತ್ತದೆ ಎಂಬುದು ಮಾತ್ರ ನಾಲ್ಕೇ ಜನಕ್ಕೆ ಗೊತ್ತು. ಅವರಲ್ಲಿ ನಾನೂ ಒಬ್ಬ. ಅಕ್ಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ, ಬೇರೆ ಯಾರೂ ಬರೆಯುವವರಿಲ್ಲ.

ಬೆಳಗಾವಿಯ ಹಾಸ್ಟೆಲಿನಲ್ಲಿ ಹೊಲಿಗೆ ಡಿಪ್ಲೊಮಾ ಮಾಡುವಾಗ ಅಕ್ಕ ಕಲಿತುಬಂದ ಆಟ ಅದು. ಆಡುವವರೆಲ್ಲ ಒಂದೊಂದು ಪಾತ್ರ ಕಟ್ಟಿಕೊಂಡು ಹಾಳೆಯಲ್ಲಿ ಬರೆದುಕೊಳ್ಳಬೇಕು: ಕತ್ತಿ ಹಿಡಿದವನು, ಕಳ್ಳ, ಮಂತ್ರವಾದಿ. ಅಕ್ಕ ಕತೆ ಹೇಳುತ್ತ ಹೋಗಿ, ಈಗೇನು ಮಾಡುತ್ತೀ ಎಂದು ಕೇಳುತ್ತಾರೆ. ನಾವು ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಕ್ಷೆಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಪಾತ್ರಗಳಿಗೆ ಅಂಗಿಯ ಗುಂಡಿ. ಪಾತ್ರ ಪಳಗಿದಂತೆ ಅದರ ಲೆವೆಲ್ ಏರುತ್ತದೆ.

ನಮ್ಮಲ್ಲಿ ಲೆವೆಲ್ಲನ್ನು ಕೇಳಿ ಪಡೆಯುವಂತಿಲ್ಲ. ಜೊತೆಗೆ ಆಡಿದವರೆಲ್ಲ ಇವನಿಗೆ ಸಲ್ಲುತ್ತದೆ ಎನ್ನಬೇಕು. ಆಗ ಅಕ್ಕ ಸೂಜಿ ತೆಗೆದು ನಮ್ಮ ಹಾಳೆಯ ಅಂಚಿಗೆ ಕೆಂಪು ದಾರದ ಒಂದು ಹೊಲಿಗೆ ಹಾಕುತ್ತಾರೆ. ನಾಲ್ಕು ವರ್ಷದಲ್ಲಿ ನನಗೆ ಬಿದ್ದದ್ದು ಹನ್ನೊಂದು. ನಾನು ಸುರೇಬಾನದ ಗೊಬ್ಬರದಂಗಡಿಯಲ್ಲಿ ಚೀಲ ಇಳಿಸುವವನು. ಆ ಹಾಳೆಯಲ್ಲಿ ಮಾತ್ರ ನಾನು ಮಂತ್ರವಾದಿ. ಹಾಗಾಗಿ ಆ ಹೊಲಿಗೆಗಳ ಮೇಲೆ ನನಗೆ ಆಸೆ ಜಾಸ್ತಿಯೇ ಇತ್ತು.

ದೊಡ್ಡ ಲೆವೆಲ್ ಆಟ ಎಂದರೇನು ಎಂದು ಒಮ್ಮೆ ಕೇಳಿದ್ದೆ. ಮೊದಲು ಒಂದು ಮನೆ ಉಳಿಸುತ್ತೀರಿ, ಆಮೇಲೆ ಒಂದು ಊರು, ಅದಕ್ಕೂ ಮೇಲೆ ಹೋದರೆ ನಿಮ್ಮನ್ನು ತಡೆಯುವವರೇ ಇರುವುದಿಲ್ಲ, ಆಗ ನಿಮ್ಮನ್ನು ನೀವೇ ತಡೆದುಕೊಳ್ಳಬೇಕು, ಅದೇ ದೊಡ್ಡ ಆಟ ಎಂದಿದ್ದರು. ಲೆವೆಲ್ ಕೊಡಲು ಮನಸ್ಸಿಲ್ಲದೆ ಹೀಗೆ ಹೇಳುತ್ತಾರೆ ಎಂದುಕೊಂಡೆ. ನನ್ನ ತಲೆ ಓಡಿದ್ದು ಅಷ್ಟೇ ದೂರ.

ಹೋದ ವರ್ಷ ಬೆಳಗಾವಿಯಲ್ಲಿ ಈ ಆಟದವರ ಕೂಟ ನಡೆಯಿತು. ನಡೆಸುವವರು ಸತ್ಯಪ್ಪ ಎಂಬ ವಿಮೆ ಏಜೆಂಟರು. ನಿಮ್ಮ ಕೈಯಲ್ಲಿ ಪಳಗಿದ ಒಬ್ಬರನ್ನು ಕಳಿಸಿ, ಅವರ ಆಟ ನೋಡಿ ಮುಂದಿನ ಕೂಟದಲ್ಲಿ ಆಟ ನಡೆಸಲು ನಿಮಗೇ ಒಂದು ಟೇಬಲ್ ಕೊಡುತ್ತೇವೆ ಎಂದು ಅಕ್ಕನಿಗೆ ಫೋನ್ ಮಾಡಿದ್ದರು. ಎಂಟು ವರ್ಷದಿಂದ ಅಕ್ಕ ಬಯಸಿದ್ದು ಅದನ್ನೇ. ಹತ್ತು ಹನ್ನೆರಡನೇ ಲೆವೆಲ್ಲಿನವರ ಟೇಬಲ್ಲಿನಲ್ಲಿ ಕೂತು ಆಡಿ ಬಾ ಎಂದು ನನ್ನನ್ನು ಆರಿಸಿದರು. ಹಾಳೆಯಲ್ಲಿ ಹೊಲಿಗೆ ಎಣಿಸಿ ಟೇಬಲ್ಲಿಗೆ ಕೂರಿಸಿಕೊಳ್ಳಿ ಎಂದು ಸತ್ಯಪ್ಪನವರಿಗೂ ತಿಳಿಸಿದರು.

ಹದಿನೇಳನೇ ಲೆವೆಲ್ ಮುಟ್ಟಿದವರಿಗೆ ಬೇರೆ ಟೇಬಲ್ ಇದೆ ಎಂದು ಕೇಳಿದ ಮೇಲೆ ನನಗೆ ಸಮಾಧಾನವಿರಲಿಲ್ಲ. ಮನೆಯಲ್ಲಿ ಅವ್ವನ ಸೂಜಿ ತೆಗೆದುಕೊಂಡು ಆರು ಹೊಲಿಗೆ ನಾನೇ ಹಾಕಿಕೊಂಡೆ. ಪುಸ್ತಕ ನೋಡಿ ದೊಡ್ಡ ದೊಡ್ಡ ಮಂತ್ರಗಳನ್ನೂ ಬರೆದುಕೊಂಡೆ.

ಬೆಳಗಾವಿಯಲ್ಲಿ ಎಣಿಸಿದರು, ಆ ದೊಡ್ಡ ಟೇಬಲ್ಲಿಗೆ ಕೂರಿಸಿಕೊಂಡರು. ಕತೆಯಲ್ಲಿ ಎರಡು ರಾಜ್ಯಗಳ ನಡುವಿನ ಅಣೆಕಟ್ಟು ಒಡೆಯದಂತೆ ಒಂದು ಮುದಿ ಡ್ರ್ಯಾಗನ್ ಬೆನ್ನು ಕೊಟ್ಟು ತಡೆದು ನಿಂತಿತ್ತು. ನನಗೆ ಸಾಕಾಗಿದೆ, ಮಾತಾಡೋಣ ಎಂದು ಅದು ನಮ್ಮನ್ನು ಕರೆಸಿತ್ತು. ಉಳಿದವರು ಅದಕ್ಕೆ ಮುಂದೆ ಎಲ್ಲಿ ಜಾಗ ಕೊಡಬೇಕು, ನೀರನ್ನು ಯಾರಿಗೆ ಎಷ್ಟು ಬಿಡಬೇಕು ಎಂದು ಒಂದು ತಾಸು ಚರ್ಚಿಸಿದರು. ನನಗೆ ಬೇಸರ ಬಂತು. ಆಕಾಶದಿಂದ ಬೆಂಕಿ ಸುರಿಸುವ ಮಂತ್ರ ಹಾಕಿದೆ. ದಾಳವೂ ಇಪ್ಪತ್ತೇ ಬಿತ್ತು. ಡ್ರ್ಯಾಗನ್ ಸತ್ತಿತು, ಕಟ್ಟೆ ಒಡೆಯಿತು, ನಲವತ್ತು ಹಳ್ಳಿ ಕೊಚ್ಚಿಹೋದವು.

ಟೇಬಲ್ ಸುತ್ತ ಇದ್ದವರು ಪೆನ್ಸಿಲ್ ಕೆಳಗಿಟ್ಟರು. ಇದಕ್ಕೆ ಎಷ್ಟು ಪಾಯಿಂಟು ಎಂದು ನಾನು ಕೇಳಿದೆ. ಈಗ ಬರೆಯುವಾಗಲೂ ಮೈ ಹಿಡಿಯಾಗುತ್ತದೆ.

ಸತ್ಯಪ್ಪನವರು ನನ್ನ ಹಾಳೆ ಎತ್ತಿಕೊಂಡು ಅಂಚು ನೋಡಿದರು.

"ಇಷ್ಟೂ ಹೊಲಿಗಿ ಯಾರ್ ಹಾಕ್ಯಾರ್ರಿ?"

"ನಾಜಿಮಾ ಅಕ್ಕಾರ ಹಾಕ್ಯಾರ್ರಿ," ಎಂದೆ.

ಅವರು ಹಾಳೆಯ ಫೋಟೋ ತೆಗೆದುಕೊಂಡರು, ಅಷ್ಟೆ.

ಮುಂದಿನ ಭಾನುವಾರ ಬೇಕೆಂದೇ ಬೇಗ ಹೋದೆ. ಅಕ್ಕ ಒಬ್ಬರೇ ಒಂದು ಜಂಪರಿಗೆ ಹುಕ್ಕು ಹಚ್ಚುತ್ತಿದ್ದರು. ಈ ಹೊಲಿಗೆಯೆಲ್ಲ ನಿಮ್ಮದೇ ಏನು ಎಂದು ಸತ್ಯಪ್ಪನವರು ಫೋಟೋ ಕಳಿಸಿ ಕೇಳಿದ್ದರಂತೆ. ಲೆವೆಲ್ಲನ್ನು ಹೀಗೆ ಹಂಚುವವರಿಗೆ ಟೇಬಲ್ ಕೊಡಲಾಗದು ಎಂದು ಆಮೇಲೆ ತಿಳಿಸಿದರಂತೆ. ಇಪ್ಪತ್ತು ವರ್ಷ ಹೊಲಿದ ಕಣ್ಣು ಅಕ್ಕನದು. ನನ್ನ ವಕ್ರ ಹೊಲಿಗೆ ಕಾಣದೆ ಇದ್ದೀತೇ?

"ನೀವೇನ್ ಹೇಳಿದ್ರಿ ಅಕ್ಕಾರ?"

"ಎಲ್ಲಾ ನಂದ ಹೊಲಿಗಿ ಅಂದೆ."

ನೆಲ ನೋಡುತ್ತ, ಈಗಲೇ ಫೋನ್ ಮಾಡಿ ಖರೆ ಹೇಳುತ್ತೇನೆ ಎಂದೆ. ಅಕ್ಕ ದಾರ ಕಡಿದರು.

"ಬ್ಯಾಡ ತಮ್ಮಾ. ನೀ ಮೋಸ ಮಾಡೀದಿ ಅಂತ ಗೊತ್ತಾದ್ರ ನಿನ್ನ ಮತ್ತ ಯಾರೂ ಬಾಜೂಕ ಕುಂದರಿಸ್ಕೊಳ್ಳೂದಿಲ್ಲ. ನನಗ ಇಲ್ಲಿ ಟೇಬಲ್ ಐತಿ."

ಫೋನು ನನ್ನ ಕೈಯಲ್ಲೇ ಇತ್ತು. ಬೇಡ ಎಂದಾಗ ನನಗೆ ಅಳು ಬರಬೇಕಿತ್ತು. ಬಂದದ್ದು ಸಮಾಧಾನ. ಸದ್ಯ ಉಳಿದೆ ಎನ್ನಿಸಿತು. ಅಕ್ಕ ತಲೆ ಎತ್ತಿ ನನ್ನ ಮುಖ ನೋಡುತ್ತಿದ್ದರು. ಆ ಸಮಾಧಾನ ಅವರಿಗೆ ಕಾಣಿಸಿತು.