ಮ್ಯೂರಿಯಲ್ ಅತ್ತೆಯ ಉಪಕಾರಸ್ಮರಣೆ

ನಮ್ಮ ಮ್ಯೂರಿಯಲ್ ಅತ್ತೆಗೆ ಯಾರಾದರೂ ಉಪಕಾರ ಮಾಡಿದರೆ ಅವರ ಕಥೆ ಮುಗಿದಂತೆ. ಅಂಗಡಿಯಲ್ಲಿ ಅವಳಿಗಾಗಿ ಬಾಗಿಲು ತೆರೆದು ಹಿಡಿದವರ ಮನೆಗೂ ಜಾಮ್ ಬಾಟಲಿ ಹೋಗುತ್ತದೆ. ಆ ಜಾಮ್‌ಗೆ ಅವರು ಥ್ಯಾಂಕ್ಸ್ ಹೇಳಿದರೆ, ಹಾಗೆ ಹೇಳಿದ್ದಕ್ಕೆ ಒಂದು ಕೇಕ್. ಡರ್ಬಿಶೈರ್‌ನ ನಮ್ಮ ಬೆಟ್ಟದ ಊರಿನಲ್ಲಿ ಥ್ಯಾಂಕ್ಸ್ ಎಂದರೆ ಒಂದು ಮಾತು. ಅದನ್ನು ಹೇಳಿ, ಮಳೆಯನ್ನು ಸ್ವಲ್ಪ ಬೈದು, ಮನೆಗೆ ಹೋಗುವುದು. ಹುಟ್ಟಿದಾಗಿನಿಂದ ಇಲ್ಲೇ ಕುರಿ ಸಾಕಿಕೊಂಡಿರುವ ಅತ್ತೆಗೆ ಅದೊಂದು ತಲೆಗೆ ಹೋಗಿಲ್ಲ.

ಅತ್ತೆಯ ಎಡಗಣ್ಣು ಹೋಗಿದೆ. ಬಲಗಣ್ಣು ಉಳಿಯಬೇಕಾದರೆ ತಿಂಗಳಿಗೊಮ್ಮೆ ಪಟ್ಟಣದ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆಗಬೇಕು. ಬಸ್ಸು ನಿಂತುಹೋಗಿದೆ, ನನಗೋ ಶಾಲೆಯಲ್ಲಿ ಪಾಠ ಮಾಡುವ ಕೆಲಸ. ಮೊದಲು ಕರೆದೊಯ್ಯುತ್ತಿದ್ದ ಡಾಟ್ ಎಂಬಾಕೆ ಅತ್ತೆಯ ಉಡುಗೊರೆಗಳನ್ನು ತಾಳಲಾರದೆ ಸೊಂಟನೋವಿನ ನೆಪ ಹೇಳಿ ತಪ್ಪಿಸಿಕೊಂಡಳು. ಈಗ ಉಳಿದವರು ನನ್ನ ಪಕ್ಕದ ಮನೆಯ ಸಿರಿಲ್ ಒಬ್ಬರೇ.

ಮೊನ್ನೆ ಅವರು ಕಲ್ಲುಗೋಡೆಯ ಆಚೆಯಿಂದ ನನ್ನನ್ನು ಕರೆದರು.

"ಹಿಲರಿ, ನಿಮ್ಮತ್ತೆ ಕುರಿ ತೊಡೆ ಕಳಿಸಿದಾಳೆ. ಯಾಕೆ ಗೊತ್ತಾ? ಅವಳು ಹೆಣೆದುಕೊಟ್ಟ ಕಾಲುಚೀಲ ಚೆನ್ನಾಗಿದೆ ಅಂದೆ, ಅದಕ್ಕೆ."

"ಬೇಡ ಅನ್ನಬೇಕಿತ್ತು."

"ಅಂದೆ. ಸಂಕೋಚ ಪಡ್ತಿದೀನಿ ಅಂತ ಇನ್ನೊಂದು ತೊಡೆ ಕಳಿಸಿದ್ಲು. ವಾಪಸ್ ಏನು ಕೊಡೋದು ಅಂತ ನನ್ನ ಹೆಂಡ್ತಿ ನಿದ್ದೆ ಬಿಟ್ಟಿದಾಳೆ. ನಾನು ಕಾರು ಓಡಿಸೋನು ಮಗಾ, ಚರ್ಚಿನ ಕಾಣಿಕೆ ತಟ್ಟೆ ಅಲ್ಲ. ಹೀಗೇ ಆದ್ರೆ ನನ್ನ ಕೈಲಾಗಲ್ಲ."

ನೇರ ಅತ್ತೆಯ ಅಡುಗೆಮನೆಗೆ ಹೋದೆ. ಅಲ್ಲಿ ಅವಳು ಸಿರಿಲ್‌ಗಾಗಿಯೇ ಕೇಕಿನ ಹಿಟ್ಟು ಕಲಸುತ್ತಿದ್ದಳು.

"ಅತ್ತೆ, ಸಿರಿಲ್‌ಗೆ ಇನ್ನು ಏನೂ ಕೊಡಬೇಡ."

"ಪುಕ್ಕಟೆ ಸವಾರಿ ಮಾಡ್ಲಾ? ನಿಮ್ಮಪ್ಪ ನಿನ್ನ ಕಾಲೇಜಿಗೆ ಕಳಿಸಿದ್ದು ಇದನ್ನ ಕಲಿಯೋಕಾ?"

"ಬಾಯಲ್ಲಿ ಥ್ಯಾಂಕ್ಸ್ ಹೇಳು. ಒಂದೇ ಸಲ. ಕೊಡ್ತಾ ಹೋದ್ರೆ ಅವ್ರು ಬರೋದೇ ನಿಲ್ಲಿಸ್ತಾರೆ, ಇರೋ ಕಣ್ಣೂ ಹೋಗತ್ತೆ."

ಅತ್ತೆ ಕಲಸುವುದನ್ನು ನಿಲ್ಲಿಸಲಿಲ್ಲ. "ಬರಿಗೈಲಿ ನಿಂತ್ರೆ ನಾನು ಕುರುಡಿ, ಅವನು ಕೈಹಿಡಿದು ನಡೆಸಿದೋನು. ಕೇಕ್ ಕೊಟ್ರೆ ಇಬ್ರೂ ಸಮ."

ಕೇಕ್ ಬೆಂದ ಮೇಲೆ, ಅದು ಸಿರಿಲ್ ಮನೆ ಸೇರದಂತೆ ನಾನೇ ಶಾಲೆಗೆ ಹೊತ್ತುಕೊಂಡು ಹೋದೆ.

ಇಂಜೆಕ್ಷನ್ ದಿನ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಅತ್ತೆಯ ಮನೆಬಾಗಿಲಲ್ಲಿ ಕಾವಲು ನಿಂತೆ. ಆಸ್ಪತ್ರೆಯಿಂದ ಮರಳಿದ ಸಿರಿಲ್ ಕಾರು ನಿಲ್ಲಿಸಿದರು. ಅತ್ತೆ ಇಳಿದಳು, ಬಾಯಿ ತೆರೆದಳು, ಮುಚ್ಚಿದಳು, ಕೋಟಿನ ಜೇಬು ತಡಕಿದಳು. ನಾನು ಕೆಮ್ಮಿದೆ.

"ಥ್ಯಾಂಕ್ಸ್, ಸಿರಿಲ್," ಎಂದಳು, ಹಲ್ಲು ಕೀಳಿಸಿಕೊಂಡವಳಂತೆ.

"ಅದಕ್ಕೇನಂತೆ ಮ್ಯೂರಿಯಲ್. ಮುಂದಿನ ತಿಂಗಳೂ ಒಂಬತ್ತಕ್ಕೇ ಬರ್ತೀನಿ, ರೆಡಿ ಇರು."

ಹೋದ ಜೀವ ಬಂದಂತಾಯಿತು ನನಗೆ. ಕಾರು ಹೊರಟಿತು. ಅತ್ತೆ ಮುಖ ಗಂಟಿಕ್ಕಿಕೊಂಡು ನನ್ನ ಕಡೆ ತಿರುಗಿದಳು.

"ಕೈ ಬೀಸಬಹುದಾ? ಇಲ್ಲಾ ಅದೂ ಜಾಸ್ತಿ ಆಯ್ತಾ?"

"ಬೀಸು," ಎಂದೆ.

ಕಾರು ತಿರುವಿನಲ್ಲಿ ಮರೆಯಾದ ಮೇಲೂ ಬೀಸುತ್ತಲೇ ಇದ್ದಳು. ತೋಳು ಹಿಡಿದು ಒಳಗೆ ಎಳೆಯಬೇಕಾಯಿತು.